ತಡೆದವರ ಲೆಕ್ಕ ಇಡದ ಊರು

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ ಫ್ರಾನ್ಸ್ ವಿರುದ್ಧ ಆಡಿತು. ಆ ಪಂದ್ಯದ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಪತ್ರಿಕೆಗಳು ಮೂರು ಸಂಗತಿಗಳನ್ನು ತಪ್ಪದೆ ಬರೆಯುತ್ತವೆ. ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಸಿಕ್ಕ ಎರಡು ಪೆನಾಲ್ಟಿಗಳನ್ನೂ ಕೈಚೆಲ್ಲಿದರು. 70ನೇ ನಿಮಿಷದಲ್ಲಿ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. 89ನೇ ನಿಮಿಷದಲ್ಲಿ ಫ್ರಾನ್ಸ್ ಎರಡನೆಯ ಗೋಲು ಹೊಡೆದು 2-1ರಿಂದ ಗೆದ್ದಿತು. ಇಷ್ಟೆಲ್ಲ ಗೊತ್ತಿರುವ ನಮಗೆ ಒಂದು ಮಾತು ಮಾತ್ರ ಗೊತ್ತಿಲ್ಲ. ಯುರೋಪಿನ ಒಂದು ತಂಡವನ್ನು ಕೊನೆಯ ನಿಮಿಷದವರೆಗೂ ಒಂದೇ ಗೋಲಿಗೆ ಹಿಡಿದು ನಿಲ್ಲಿಸಿದಾಗ ಭಾರತದ ಗೋಲುಕಂಬಗಳ ನಡುವೆ ನಿಂತಿದ್ದವರು ಯಾರು? ಅವರು ಹೊರಗಿನವರಲ್ಲ, ನಮ್ಮ ಬೆಂಗಳೂರಿನ ಕೆ.ವಿ. ವರದರಾಜ್. 1924ರಲ್ಲಿ ಹುಟ್ಟಿದವರು. 2011ರಲ್ಲಿ, ಇಳಿವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಶಿವಮೊಗ್ಗದ ನೆಹರೂ ಕ್ರೀಡಾಂಗಣದ ಸುತ್ತ ಬೆಳಗ್ಗೆ ಓಡುವ ಹುಡುಗರನ್ನು ನಿಲ್ಲಿಸಿ ಈ ಹೆಸರು ಹೇಳಿ ನೋಡಿ. ಭದ್ರಾವತಿಯ ನ್ಯೂಟೌನ್‌ನಲ್ಲಿ ಕೇಳಿ ನೋಡಿ. ಯಾರೋ ಕ್ರಿಕೆಟ್ ಆಟಗಾರನಿರಬೇಕು ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ.

ಹುಡುಗರನ್ನು ದೂರುವುದು ನಮ್ಮ ಉದ್ದೇಶವಲ್ಲ. ನಮ್ಮ ತಕರಾರು ಇರುವುದು ದೊಡ್ಡವರಾದ ನಮ್ಮೆಲ್ಲರ ಲೆಕ್ಕದ ಪುಸ್ತಕದ ಬಗ್ಗೆ. ಆ ಪುಸ್ತಕದಲ್ಲಿ ಹೊಡೆದ ಗೋಲಿಗೆ ಜಾಗವಿದೆ, ತಡೆದ ಗೋಲಿಗೆ ಜಾಗವಿಲ್ಲ. ಗೋಲ್‌ಕೀಪರ್ ಒಬ್ಬನ ಇಡೀ ಬದುಕು ಆಗದೇ ಹೋದ ಸಂಗತಿಗಳಿಂದ ಕಟ್ಟಿದ ಬದುಕು. ನಡೆದದ್ದನ್ನಷ್ಟೇ ಬರೆದಿಡುವ ಸಮಾಜ ಆತನಿಗೆ ಅನ್ಯಾಯ ಮಾಡದೆ ಇರಲಾರದು. ಇದು ಬರೀ ಆಟದ ಮಾತಲ್ಲ, ನಮ್ಮ ಜಿಲ್ಲೆಯ ಬದುಕಿಗೂ ಸೇರಿದ ಮಾತು ಎಂಬುದನ್ನು ಮುಂದೆ ವಿವರಿಸುತ್ತೇವೆ.

ಮೊದಲು ಆ ಕೆಲಸದ ಕಷ್ಟವನ್ನು ನೋಡೋಣ. ಗೋಲಿನ ಅಗಲ 24 ಅಡಿ, ಎತ್ತರ 8 ಅಡಿ. ಪೆನಾಲ್ಟಿ ಬಿಂದುವಿನಿಂದ ಗೋಲಿನ ಗೆರೆಗೆ 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದ ಚೆಂಡು ಅಷ್ಟು ದೂರವನ್ನು ಅರ್ಧ ಸೆಕೆಂಡೂ ತೆಗೆದುಕೊಳ್ಳದೆ ದಾಟುತ್ತದೆ. ಅಷ್ಟರೊಳಗೆ ನೋಡಬೇಕು, ನಿರ್ಧರಿಸಬೇಕು, ಹಾರಬೇಕು. ಹಾರಿದ ಮೇಲೆ ಬೀಳಲೇಬೇಕು. ಬೀಳುವುದಕ್ಕೂ ಒಂದು ಕ್ರಮವಿದೆ. ಮೊಣಕೈ ಊರಿ ಬೀಳುವವನ ಆಟ ಬೇಗ ಮುಗಿಯುತ್ತದೆ. ಕಾಲಿನ ಪಕ್ಕ, ಸೊಂಟದ ಪಕ್ಕ, ಭುಜದ ಪಕ್ಕ ಒಂದಾದ ಮೇಲೊಂದು ನೆಲ ಮುಟ್ಟುವಂತೆ ಬೀಳುವುದನ್ನು ಕಲಿಯಬೇಕು. ಯುರೋಪಿನ ಹುಡುಗ ಇದನ್ನು ಹುಲ್ಲಿನ ಮೇಲೆ ಕಲಿಯುತ್ತಾನೆ. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಊರುಗಳ ಹುಡುಗ ಬೇಸಿಗೆಯಲ್ಲಿ ಗಟ್ಟಿ ಕೆಮ್ಮಣ್ಣು ಮತ್ತು ಜಲ್ಲಿಕಲ್ಲಿನ ಮೇಲೆ, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಕಲಿಯುತ್ತಾನೆ. ಗೋಲಿನ ಮುಂದಿನ ಜಾಗವೇ ಮೈದಾನದಲ್ಲಿ ಎಲ್ಲಕ್ಕಿಂತ ಹೆಚ್ಚು ತುಳಿತಕ್ಕೆ ಸಿಕ್ಕಿ ಹುಲ್ಲು ಸಾಯುವ ಜಾಗ. ಫಾರ್ವರ್ಡ್ ಆಡುವವನಿಗೆ ಇಡೀ ಮೈದಾನವಿದೆ, ಕೀಪರ್‌ನಿಗೆ ಆ ಬೋಳು ಚೌಕವೇ ಗತಿ. ದುಬಾರಿ ಕೈಗವಸು ಅಂಥ ನೆಲದಲ್ಲಿ ಎಷ್ಟು ದಿನ ಬಾಳೀತು? ವಯಸ್ಸಾದ ಮೇಲೆ ಸೊಂಟ ನೋವು, ಮಡಚಲಾರದ ಬೆರಳು, ಮೇಲೆತ್ತಲಾಗದ ಭುಜ. ಇವೇ ಅವನ ಪದಕಗಳು.

ಇನ್ನು ಆಪಾದನೆಯ ಮಾತು. ಹತ್ತು ಆಟಗಾರರ ತಪ್ಪು ದಾಟಿ ಬಂದ ಚೆಂಡು ಹನ್ನೊಂದನೆಯವನನ್ನೂ ದಾಟಿದರೆ ಜನ ಬೆರಳು ತೋರಿಸುವುದು ಹನ್ನೊಂದನೆಯವನ ಕಡೆಗೆ. 1950ರ ಜುಲೈ 16ರಂದು ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ಎದುರು ಬ್ರೆಜಿಲ್ 2-1ರಿಂದ ಸೋತು ವಿಶ್ವಕಪ್ ಕಳೆದುಕೊಂಡಿತು. ಕಪ್ಪು ವರ್ಣದ ಗೋಲ್‌ಕೀಪರ್ ಮೊಆಸಿರ್ ಬಾರ್ಬೋಸ ಆ ಸೋಲಿನ ಹೊರೆಯನ್ನು 2000ದಲ್ಲಿ ಸಾಯುವವರೆಗೂ ಹೊತ್ತ. ತನ್ನ ದೇಶದಲ್ಲಿ ಕೊಲೆಗಾರನಿಗೂ 30 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿಲ್ಲ, ತಾನು ಮಾತ್ರ ಐವತ್ತು ವರ್ಷ ಅನುಭವಿಸಿದೆ ಎಂದು ಆತ ಕೊರಗುತ್ತಿದ್ದ. ಅವನೊಬ್ಬನ ಮೇಲೆ ಹೊರಿಸಿದ ಅಪವಾದ ಅವನ ಬಣ್ಣದವರೆಲ್ಲರ ಮೇಲೂ ಬಿತ್ತು. ಕಪ್ಪು ಜನರಿಗೆ ಗೋಲು ಕಾಯುವ ಧೈರ್ಯವಿಲ್ಲವೆಂಬ ಮಾತು ಬ್ರೆಜಿಲ್‌ನಲ್ಲಿ ದಶಕಗಳ ಕಾಲ ಚಲಾವಣೆಯಲ್ಲಿತ್ತು. ಒಬ್ಬ ವ್ಯಕ್ತಿಯ ಒಂದು ಗಳಿಗೆಯ ಸೋಲನ್ನು ಅವನ ಇಡೀ ಸಮುದಾಯದ ಗುಣವೆಂದು ಬರೆದಿಡುವ ಈ ಚಾಳಿಯ ರುಚಿ ನಮ್ಮ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಾದದ್ದೇನಲ್ಲ.

ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿಲ್ಲ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಭಾರತ ಪಾಕಿಸ್ತಾನಕ್ಕೆ 7-1ರಿಂದ ಸೋತಾಗ ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಅವರನ್ನು ದ್ರೋಹಿ ಎಂದು ಕರೆದರು. 2007ರ ‘ಚಕ್ ದೇ ಇಂಡಿಯಾ’ ಚಿತ್ರದ ಕತೆಯನ್ನು ಹಲವರು ಅವರ ಬದುಕಿನ ನೋವಿನ ಜೊತೆ ಹೋಲಿಸುತ್ತಾರೆ. ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲೇ 2004ರ ಡಿಸೆಂಬರ್ 5ರಂದು ಫೆಡರೇಷನ್ ಕಪ್ ಫೈನಲ್ ನಡೆಯಿತು. ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವ ಭರದಲ್ಲಿ ಮೋಹನ್ ಬಾಗಾನ್ ಕೀಪರ್ ಸುಬ್ರತ ಪಾಲ್‌ಗೆ ಡಿಕ್ಕಿಯಾಗಿ ಕುಸಿದು ಪ್ರಾಣಬಿಟ್ಟರು. ಸತ್ತವರಿಗಾಗಿ ಅಳುವುದು ನ್ಯಾಯ. ಆದರೆ ಆಗಿನ್ನೂ ಹದಿಹರೆಯದಲ್ಲಿದ್ದ ಸುಬ್ರತ ಪಾಲ್ ಮೇಲೆ ಸುರಿದ ಬೈಗುಳಕ್ಕೆ ಯಾವ ನ್ಯಾಯವೂ ಇರಲಿಲ್ಲ. ಅದೇ ಹುಡುಗ ಮುಂದೆ 2011ರ ಏಷ್ಯಾ ಕಪ್‌ನಲ್ಲಿ ದೇಶದ ಗೋಲು ಕಾಯ್ದರು. 2016ರಲ್ಲಿ ಅರ್ಜುನ ಪ್ರಶಸ್ತಿ ಪಡೆದು 2023ರಲ್ಲಿ ನಿವೃತ್ತರಾದರು. ಅವರು ಎದ್ದು ನಿಂತರು, ನಿಜ. ಆದರೆ ಎದ್ದು ನಿಲ್ಲಲಾಗದೆ ಮನೆ ಸೇರಿದ ಎಷ್ಟೋ ಸಣ್ಣ ಊರಿನ ಕೀಪರ್‌ಗಳ ಕತೆಯನ್ನು ಯಾರು ಬರೆದಿದ್ದಾರೆ?

ಫುಟ್‌ಬಾಲ್ ನಮ್ಮ ನಾಡಿನ ಆಟವೇ ಅಲ್ಲ, ಅದು ಬಂಗಾಳ, ಗೋವಾ, ಕೇರಳದವರದು ಎಂದು ಕೆಲವರು ಹೇಳುವುದುಂಟು. ಇತಿಹಾಸ ಗೊತ್ತಿಲ್ಲದವರ ಮಾತು ಇದು. ಬ್ರಿಟಿಷ್ ಸೇನಾ ತಂಡಗಳೇ ಗೆದ್ದುಕೊಂಡು ಬರುತ್ತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1937ರಲ್ಲಿ ಅವರು ಫೈನಲ್‌ನಲ್ಲಿ ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗನ್ನು 1-0ಯಿಂದ ಸೋಲಿಸಿದರು. 1938ರಲ್ಲಿ ಮತ್ತೆ ಗೆದ್ದರು, 1948ರಲ್ಲಿ ಮೂರನೆಯ ಸಲ ಗೆದ್ದರು. ಬೆಂಗಳೂರಿನ ಅಹಮದ್ ಖಾನ್ 1948 ಮತ್ತು 1952ರ ಎರಡು ಒಲಿಂಪಿಕ್ಸ್‌ನಲ್ಲಿ ಆಡಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ‘ಪಂಚ ಪಾಂಡವ’ರಲ್ಲಿ ಒಬ್ಬರೆಂದು ಹೆಸರಾದರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47, 1952-53, 1967-68, 1968-69ರಲ್ಲಿ ಗೆದ್ದಿತು. ಮುಂದೆ 54 ವರ್ಷ ಕಾದು, 2023ರ ಮಾರ್ಚ್ 4ರಂದು ದೂರದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಅದನ್ನು ಮರಳಿ ತಂದಿತು. ಬೆಂಗಳೂರು ಮುಸ್ಲಿಮ್ಸ್ ಹೆಸರನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿದ್ದಾರೆ. ಒಂದೇ ಗೋಲಿನಿಂದ ಗೆದ್ದ ಪಂದ್ಯದಲ್ಲಿ ಆ ಗೋಲು ಹೊಡೆದವನಿಗೂ ಎದುರಾಳಿಗೆ ಒಂದೂ ಬಿಟ್ಟುಕೊಡದವನಿಗೂ ಪಾಲು ಸಮ. 1937ರ ಆ ಕೀಪರ್‌ನ ಹೆಸರನ್ನು ಈ ಹೆಮ್ಮೆಯ ಭಾಷಣಗಳಲ್ಲಿ ಎಂದಾದರೂ ಕೇಳಿದ್ದೇವೆಯೇ?

ಆ ಕಾಲದಲ್ಲಿ ಆಟಗಾರರು ಹೇಗೆ ಬದುಕಿದರು ಎಂಬುದು ಮುಖ್ಯವಾದ ಪ್ರಶ್ನೆ. ಉತ್ತರ ಸರಳ. ಅವರಿಗೆ ಕೆಲಸವಿತ್ತು. ಸೇನೆ, ರೈಲ್ವೆ, ಗಿರಣಿ, ಕಾರ್ಖಾನೆಗಳು ಆಟಗಾರರಿಗೆ ಸಂಬಳ ಕೊಟ್ಟು ಸಾಕಿದವು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ಹೆಸರು ಮಾಡಿದ್ದು ಹೀಗೆ. ಇದಕ್ಕೆ ಅತಿ ಒಳ್ಳೆಯ ಉದಾಹರಣೆ ಒಬ್ಬ ಗೋಲ್‌ಕೀಪರ್ ಎಂಬುದು ವಿಶೇಷ. ಅವರು ಪೀಟರ್ ತಂಗರಾಜ್. ಹೈದರಾಬಾದಿನಲ್ಲಿ ಹುಟ್ಟಿ, ಸೇನೆ ಸೇರಿ, ಫಾರ್ವರ್ಡ್ ಆಗಿ ಆಟ ಶುರು ಮಾಡಿ ಆಮೇಲೆ ಗೋಲು ಕಾಯಲು ನಿಂತ ಎತ್ತರದ ಆಳು. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್ ತಂಡಗಳಲ್ಲಿದ್ದರು. 1962ರಲ್ಲಿ ಸಯ್ಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಜಕಾರ್ತ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್, ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್ ಮೂರಕ್ಕೂ ಗೋಲು ಕಾಯ್ದರು. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆಟ ಬಿಟ್ಟ ಮೇಲೆ ಅವರು ಬೀದಿಗೆ ಬೀಳಲಿಲ್ಲ. ಬೊಕಾರೊ ಉಕ್ಕಿನ ಕಾರ್ಖಾನೆ ಅವರನ್ನು ಕರೆದು ಕೆಲಸ ಕೊಟ್ಟಿತು. ಅಲ್ಲಿನ ಹುಡುಗರಿಗೆ ಆಟ ಕಲಿಸುತ್ತ ಬಾಳಿ, 2008ರ ನವೆಂಬರ್‌ನಲ್ಲಿ ಬೊಕಾರೊದಲ್ಲೇ ಕಣ್ಣುಮುಚ್ಚಿದರು.

ಬೊಕಾರೊ ಕಾರ್ಖಾನೆಯ ಒಡೆಯ ಭಾರತೀಯ ಉಕ್ಕು ಪ್ರಾಧಿಕಾರ, ಅಂದರೆ ಸೇಲ್. ಭದ್ರಾವತಿಯ ಕಾರ್ಖಾನೆಯ ಒಡೆಯನೂ ಅದೇ ಸೇಲ್. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬನ ಅಂಗಳದಲ್ಲಿ ದೇಶದ ಶ್ರೇಷ್ಠ ಕೀಪರ್ ಹುಡುಗರಿಗೆ ಬೀಳುವುದನ್ನು ಕಲಿಸಿದರು. ಇನ್ನೊಬ್ಬನ ಗತಿ ಏನಾಯಿತು?

ಹಿಂದೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರು ಭದ್ರಾವತಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ಕಾರ್ಖಾನೆಯ ಕೆಲಸ ಆರಂಭವಾಗಿ 1923ರಲ್ಲಿ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ಕಷ್ಟಕಾಲದಲ್ಲಿ ಕೈಹಿಡಿದು ನಡೆಸಿದರು. 1936ರಲ್ಲಿ ಕಾಗದ ಕಾರ್ಖಾನೆ ಬಂತು. ನ್ಯೂಟೌನ್, ಪೇಪರ್‌ಟೌನ್ ಎಂಬ ಎರಡು ಬಡಾವಣೆಗಳೇ ಹುಟ್ಟಿದವು. ತಮಿಳು, ತೆಲುಗು, ಮಲಯಾಳಂ, ಉರ್ದು, ಕನ್ನಡ ಮಾತಾಡುವವರು ಒಂದೇ ಪಾಳಿಯಲ್ಲಿ ದುಡಿದು ಒಂದೇ ಮೈದಾನದ ಅಂಚಿನಲ್ಲಿ ಕೂತರು. ಆಸ್ಪತ್ರೆ, ಶಾಲೆ, ಕ್ರೀಡಾಂಗಣ ಎಲ್ಲವೂ ಕಾರ್ಖಾನೆಯ ನೆರಳಿನಲ್ಲೇ ಬೆಳೆದವು. ಸರ್ಕಾರದ ಕಡತದಲ್ಲಿ ಕ್ರೀಡಾನೀತಿ ಎಂಬ ಹೆಸರಿಲ್ಲದಿದ್ದ ಕಾಲದಲ್ಲೂ ಈ ಊರಿಗೊಂದು ಕ್ರೀಡಾನೀತಿ ಇತ್ತು. ಕೈಯಲ್ಲಿ ಕಾಯಂ ಕೆಲಸ, ಸಂಜೆ ಪಾಳಿ ಮುಗಿದ ಮೇಲೆ ಆಡಲು ಮೈದಾನ. ಗೋಲು ಕಾಯುವವನಿಗೆ ಇದು ಉಳಿದವರಿಗಿಂತ ಹೆಚ್ಚು ಮುಖ್ಯ. ಬೆರಳು ಮುರಿದರೆ ಕಾರ್ಖಾನೆ ಆಸ್ಪತ್ರೆ ಇದೆ, ತಿಂಗಳ ಸಂಬಳ ನಿಲ್ಲುವುದಿಲ್ಲ ಎಂಬ ಧೈರ್ಯವಿದ್ದರೆ ಮಾತ್ರ ಮನುಷ್ಯ ಜಲ್ಲಿಯ ಮೇಲೆ ಹಾರುತ್ತಾನೆ.

ಆ ಧೈರ್ಯ ಒಂದೊಂದಾಗಿ ಕಳಚಿತು. ಉಕ್ಕಿನ ಕಾರ್ಖಾನೆ 1989ರಲ್ಲಿ ಸೇಲ್‌ನ ಅಧೀನಕ್ಕೆ ಹೋಗಿ 1998ರಲ್ಲಿ ಅದರಲ್ಲಿ ವಿಲೀನವಾಯಿತು. ಬಂಡವಾಳ ಮಾತ್ರ ಬರಲಿಲ್ಲ. ಕಾಗದ ಕಾರ್ಖಾನೆ 2015ರ ಹೊತ್ತಿಗೆ ಉತ್ಪಾದನೆ ನಿಲ್ಲಿಸಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಒಂದೆರಡು ಘಟಕಗಳು ಮತ್ತೆ ತಿರುಗಿದವು. ಮುಚ್ಚಲು ಕೊಟ್ಟ ಕಾರಣ ಒಂದೇ, ನಷ್ಟ. ನಷ್ಟದ ಅಂಕಿ ಸುಳ್ಳೆಂದು ನಾವು ವಾದಿಸುವುದಿಲ್ಲ. ಆದರೆ ಆ ಲೆಕ್ಕವೂ ಗೋಲುಗಳನ್ನಷ್ಟೇ ಎಣಿಸುವ ಲೆಕ್ಕ. ಒಂದು ಊರು ನೂರು ವರ್ಷ ಗುಳೆ ಹೋಗದಂತೆ, ಹುಡುಗರು ಬೀದಿಪಾಲಾಗದಂತೆ, ಗಾಯಗೊಂಡವನು ಸಾಲಕ್ಕೆ ಬೀಳದಂತೆ ಕಾರ್ಖಾನೆ ತಡೆದದ್ದನ್ನು ಯಾವ ಕಾಲಂನಲ್ಲಿ ಬರೆದಿದ್ದಾರೆ? ತಡೆದದ್ದನ್ನು ಲೆಕ್ಕಕ್ಕೆ ಹಿಡಿಯದವರ ಕಣ್ಣಿಗೆ ಕಾರ್ಖಾನೆಯೂ ಗೋಲ್‌ಕೀಪರ್‌ನ ಹಾಗೆಯೇ ಕಾಣುತ್ತದೆ. ಬಿಟ್ಟುಕೊಟ್ಟದ್ದು ಮಾತ್ರ ಕಾಣುತ್ತದೆ.

ಇದಕ್ಕೆ ಬರುವ ಆಕ್ಷೇಪಗಳು ನಮಗೆ ಗೊತ್ತು. ಉಕ್ಕು ಮಾಡುವುದು ಕಾರ್ಖಾನೆಯ ಕೆಲಸ, ಫುಟ್‌ಬಾಲ್ ತಂಡ ಸಾಕುವುದಲ್ಲ ಎನ್ನುತ್ತಾರೆ. ಹಾಗಿದ್ದರೆ ಅದೇ ಸೇಲ್ ಬೊಕಾರೊದಲ್ಲಿ ಮಾಡಿದ್ದೇನು? ಜನರ ಒಲವು ಕ್ರಿಕೆಟ್ ಕಡೆಗಿದೆ ಎನ್ನುತ್ತಾರೆ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲೇ. ಅವರ ಬಗ್ಗೆ ಈ ಜಿಲ್ಲೆಗಿರುವ ಅಭಿಮಾನ ನಮಗೂ ಇದೆ. ಆದರೆ ಒಂದು ಆಟವನ್ನು ಪ್ರೀತಿಸಲು ಇನ್ನೊಂದನ್ನು ಹಸಿವಿಗೆ ಕೆಡವಬೇಕೆಂಬ ನಿಯಮವಿಲ್ಲ. ದುಡ್ಡಿಲ್ಲ ಎನ್ನುವುದು ಮೂರನೆಯ ಆಕ್ಷೇಪ. ಶಿವಮೊಗ್ಗದ ಸೋಗಾನೆಯಲ್ಲಿ ಸುಮಾರು 450 ಕೋಟಿ ರೂಪಾಯಿ ವೆಚ್ಚದ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಅದು ಬೇಡವಾಗಿತ್ತು ಎಂದು ನಾವು ಹೇಳುತ್ತಿಲ್ಲ. ಅಷ್ಟು ಹಣ ಹೊಂದಿಸಬಲ್ಲವರಿಗೆ ಎರಡು ಗೋಲುಗಳ ಮುಂದೆ ಹುಲ್ಲು ಬೆಳೆಸಲು ಹಣವಿಲ್ಲ ಎಂದರೆ ನಂಬುವವರು ಯಾರು?

ನಮ್ಮ ಬೆನ್ನನ್ನು ನಾವೇ ನೋಡಿಕೊಳ್ಳುವುದೂ ಅಗತ್ಯ. ಊರಿನಲ್ಲಿ ಪಂದ್ಯಾವಳಿ ನಡೆದರೆ ಫ್ಲೆಕ್ಸ್ ಮೇಲೆ ಯಾರ ಮುಖ ಇರುತ್ತದೆ? ಪುಢಾರಿಗಳದ್ದು, ದುಡ್ಡು ಕೊಟ್ಟವರದ್ದು. ಟ್ರೋಫಿ ಯಾರ ಹೆಸರಲ್ಲಿ? ಅದೂ ಅವರದ್ದೇ. ಶಾಲು, ಹಾರ, ಹಣ್ಣಿನ ಬುಟ್ಟಿ ವೇದಿಕೆಯ ಮೇಲೆ ಕೂತವರಿಗೆ. ಇಪ್ಪತ್ತು ವರ್ಷ ಅದೇ ಮೈದಾನದಲ್ಲಿ ಬಿದ್ದು ಎದ್ದ ಮುದುಕ ಪೆಂಡಾಲಿನ ಹೊರಗೆ ನಿಂತು ಆಟ ನೋಡಿ ಹೋಗುತ್ತಾನೆ. ನಮ್ಮ ಸಂಘಗಳು, ನಮ್ಮ ಜಮಾಅತ್‌ಗಳು, ನಮ್ಮ ಯುವಕ ಮಂಡಲಗಳು ಒಂದು ನೋಟ್‌ಬುಕ್ಕಿನಲ್ಲಿ ಆತನ ಹೆಸರು, ಆಡಿದ ವರ್ಷ, ಆಡಿದ ತಂಡ ಬರೆದಿಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು? ರಾಜ್ಯ ಸರ್ಕಾರ ಮಾಜಿ ಕುಸ್ತಿಪಟುಗಳಿಗೆ ಮಾಸಾಶನ ಕೊಡುತ್ತ ಬಂದಿದೆ. ಅದು ಸರಿಯಾದ ಕೆಲಸ. ಆದರೆ ಅಂಥ ಸವಲತ್ತು ಯಾವುದೇ ಆಟಕ್ಕೆ ಬಂದರೂ ಅರ್ಜಿಯ ಜೊತೆ ಪ್ರಮಾಣಪತ್ರ ಕೇಳುತ್ತಾರೆ. ಗೋಲು ಹೊಡೆದವನ ಹತ್ತಿರ ಹಳೆಯ ಪತ್ರಿಕೆಯ ಒಂದು ತುಣುಕಾದರೂ ಇರಬಹುದು. ತಡೆದವನ ಹತ್ತಿರ ಏನಿದೆ? ಮಡಚಲಾರದ ಬೆರಳನ್ನು ಯಾವ ಕಚೇರಿಯೂ ದಾಖಲೆ ಎಂದು ಒಪ್ಪುವುದಿಲ್ಲ.

ಈ ಜಿಲ್ಲೆಯ ಇನ್ನೊಂದು ನೋವಿನ ಬಗ್ಗೆ ಮೌನವಾಗಿರುವುದು ನಮ್ಮಿಂದಾಗದು. 2022ರ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಿವಮೊಗ್ಗ ನಗರ ನಿಷೇಧಾಜ್ಞೆಯಲ್ಲಿ ಉಸಿರು ಬಿಗಿಹಿಡಿದು ಕೂತಿತು. 2023ರ ಅಕ್ಟೋಬರ್‌ನಲ್ಲಿ ರಾಗಿಗುಡ್ಡದಲ್ಲಿ ಕಲ್ಲು ಬಿದ್ದವು. ಕಲ್ಲು ತೂರಿದವರ, ಉದ್ರೇಕದ ಭಾಷಣ ಮಾಡಿದವರ ಹೆಸರು ದಿನವಿಡೀ ಟಿವಿಯಲ್ಲಿ ಬಂತು. ಅಂಥ ದಿನಗಳಲ್ಲಿ ಓಣಿಯ ಬಾಯಲ್ಲಿ ನಿಂತು ಎರಡೂ ಕಡೆಯ ಹುಡುಗರನ್ನು ಮನೆಗೆ ಕಳಿಸುವ ಹಿರಿಯರು ಎಲ್ಲ ಊರಲ್ಲೂ ಇರುತ್ತಾರೆ. ಅವರ ಹೆಸರು ಎಲ್ಲಿಯೂ ಬರುವುದಿಲ್ಲ. ಅವರ ದೆಸೆಯಿಂದ ಏನೂ ಆಗಲಿಲ್ಲ, ಏನೂ ಆಗದ್ದು ಸುದ್ದಿಯಲ್ಲ. ಗೋಲು ತಡೆದವನನ್ನು ಗೌರವಿಸಲು ಕಲಿಯದ ಊರು ಗಲಭೆ ತಡೆದವನನ್ನು ಗೌರವಿಸಲು ಕಲಿತೀತೇ? ಇಷ್ಟಕ್ಕೂ ಮೈದಾನ ಎನ್ನುವುದು ಹಳೇನಗರದ ಹುಡುಗನೂ ಹೊಸಮನೆಯ ಹುಡುಗನೂ ಒಬ್ಬರ ಹೆಸರು ಇನ್ನೊಬ್ಬರು ಕೂಗಿ ಕರೆಯುವ ಜಾಗ. ಹೀಗೆ ಹೆಸರು ಹಿಡಿದು ಕರೆದವನ ಮೇಲೆ ಕಲ್ಲು ಎತ್ತುವುದು ಸುಲಭವಲ್ಲ. ಮೈದಾನ ಕಿರಿದಾದಷ್ಟೂ ಈ ಪರಿಚಯ ಕಿರಿದಾಗುತ್ತದೆ.

ಹಾಗಾಗಿ ನಮ್ಮ ಒತ್ತಾಯಗಳು ನಾಲ್ಕು. ಒಂದು, ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ಆಡಿದ ಹಳೆಯ ಫುಟ್‌ಬಾಲ್ ಆಟಗಾರರ ಪಟ್ಟಿಯನ್ನು ಕ್ರೀಡಾ ಇಲಾಖೆ ಮತ್ತು ಸಂಘಗಳು ಕೂಡಿ ತಯಾರಿಸಲಿ. ಹನ್ನೊಂದನೆಯವನ ಹೆಸರಿಂದಲೇ ಅದು ಆರಂಭವಾಗಲಿ. ಜೊತೆಗೆ ಆಡಿದವರು ಬದುಕಿರುವಾಗಲೇ ಅವರ ಸಾಕ್ಷ್ಯ ಬರೆದುಕೊಂಡು, ಅದನ್ನೇ ಪ್ರಮಾಣಪತ್ರವೆಂದು ಒಪ್ಪಲಿ. ಎರಡು, ಕುಸ್ತಿಪಟುಗಳಿಗೆ ಇರುವಂತೆ ಜಿಲ್ಲಾ ಮಟ್ಟದ ಹಳೆಯ ಆಟಗಾರರಿಗೂ ಮಾಸಾಶನ ದೊರೆಯಲಿ. ಮೂರು, ಎರಡೂ ಊರುಗಳಲ್ಲಿ ತಲಾ ಒಂದು ಮೈದಾನವನ್ನಾದರೂ ಹುಲ್ಲುಹಾಸಿನ ಫುಟ್‌ಬಾಲ್ ಮೈದಾನವಾಗಿ ಉಳಿಸಲಿ, ಸಮಾವೇಶ ಮತ್ತು ವಸ್ತುಪ್ರದರ್ಶನಗಳಿಗೆ ಅದನ್ನು ಬಾಡಿಗೆ ಕೊಡದಿರಲಿ. ಗೋಲು ಕಾಯುವ ಮಕ್ಕಳಿಗೆ ಬೇರೆಯೇ ತರಬೇತಿ ಬೇಕು, ಅದನ್ನು ಹಳೆಯ ಕೀಪರ್‌ಗಳಿಂದಲೇ ಗೌರವಧನ ಕೊಟ್ಟು ಕೊಡಿಸಲಿ. ನಾಲ್ಕು, ಭದ್ರಾವತಿಯ ಕಾರ್ಖಾನೆಗೆ ಬಂಡವಾಳ ಹೂಡುವ ಮಾತು ಚುನಾವಣೆಗೊಮ್ಮೆ ಬಂದು ಹೋಗುವುದು ನಿಲ್ಲಲಿ. ಹೂಡಿದ ದಿನ ಬೊಕಾರೊದ ಮಾದರಿಯಲ್ಲೇ ಆಟಗಾರರಿಗೆ ಕಾಯಂ ಕೆಲಸದ ಪಾಲೂ ಇರಲಿ.

ಇವುಗಳಲ್ಲಿ ಮೊದಲನೆಯದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. 2023ರ ಜುಲೈ 4ರಂದು ಕಂಠೀರವದಲ್ಲಿ ಸ್ಯಾಫ್ ಕಪ್ ಫೈನಲ್ ಪೆನಾಲ್ಟಿಗೆ ಹೋದಾಗ ಕುವೈತ್‌ನ ಕೊನೆಯ ಹೊಡೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು, ಇಡೀ ಕ್ರೀಡಾಂಗಣ ಎದ್ದು ನಿಂತು ಕೂಗಿತು. ತಡೆಯುವುದನ್ನು ಮೆಚ್ಚುವ ಮನಸ್ಸು ನಮ್ಮ ಜನರಿಗೆ ಇಲ್ಲವೆಂದಲ್ಲ, ಅದು ಕ್ಯಾಮೆರಾ ಇರುವ ಕಡೆ ಮಾತ್ರ ಎಚ್ಚರವಾಗುತ್ತದೆ. ಕ್ಯಾಮೆರಾ ಬಾರದ ನಮ್ಮ ಮೈದಾನಗಳಲ್ಲಿ ಆ ಕೆಲಸವನ್ನು ನಾವೇ ಮಾಡಬೇಕು. ವರದರಾಜ್ ಅವರ ಹೆಸರಾದರೂ ಒಲಿಂಪಿಕ್ಸ್‌ನ ಪಟ್ಟಿಯಲ್ಲಿ ಉಳಿದಿದೆ. ನಮ್ಮ ಓಣಿಯ ಕೀಪರ್‌ಗೆ ಆ ಪಟ್ಟಿಯ ಆಸರೆಯೂ ಇಲ್ಲ. ಅವರು ಇನ್ನೂ ನಮ್ಮ ನಡುವೆ ಇದ್ದಾರೆ, ಟೀ ಅಂಗಡಿಯ ಬೆಂಚಿನ ಮೇಲೆ, ಮಸೀದಿಯ ಮೆಟ್ಟಿಲ ಮೇಲೆ, ಬಸ್ ನಿಲ್ದಾಣದ ನೆರಳಿನಲ್ಲಿ. ಹೋಗಿ ಕೇಳಿ, ಬರೆದುಕೊಳ್ಳಿ. ಅವರು ಹೋದ ಮೇಲೆ ಅವರ ಹೆಸರಲ್ಲಿ ಕಪ್ ಇಡುವುದಕ್ಕಿಂತ ಅದು ದೊಡ್ಡ ಕೆಲಸ.